‘ಹೆಚ್ಚ್’ ಎಂಬ ಪದದ ಪಾಡು

ನಮ್ಮ ಆಯಿ ಅಥಣಿ ಕಡೆಯವಳು. ಚಿಕ್ಕೋಡಿಗೆ ಸೊಸೆಯಾಗಿ ಬಂದು ಅರವತ್ತು ವರ್ಷವಾದರೂ ಮಾತು ಮಾತ್ರ ತವರಿನದೇ. “ಹೆಚ್ಚ್ ಮಾತಾಡಬ್ಯಾಡ”, “ಅವಂಗ ಹುಚ್ಚ್ ಹಿಡದೈತಿ” ಅನ್ನುವಳು. ಪದದ ಕೊನೆಯ ಉಕಾರ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

2012ರ ಕೊನೆಯಲ್ಲಿ ಅವಳ ಕತೆಗಳನ್ನು ಕಂಪ್ಯೂಟರಿನಲ್ಲಿ ಇಳಿಸತೊಡಗಿದೆ. ನನ್ನ ಯಂತ್ರದಲ್ಲಿ ಲಿನಕ್ಸ್ ಇತ್ತು. ಅದೂ ಬಿಡುಗಡೆಯಾದದ್ದಲ್ಲ, ಇನ್ನೂ ತಯಾರಾಗುತ್ತಿದ್ದ ಅಭಿವೃದ್ಧಿ ಶಾಖೆ. ಹೊಸದೆಲ್ಲ ನನ್ನ ಕೈಗೇ ಮೊದಲು ಸಿಗಬೇಕೆಂಬ ಹುಡುಗಾಟ. ಒಂದು ದಿನ ಅಪ್‌ಡೇಟ್ ಮುಗಿಸಿ ಕಡತ ತೆರೆದರೆ ‘ಹೆಚ್ಚು’ ಸರಿಯಾಗಿತ್ತು, ‘ಹೆಚ್ಚ್’ ಕೆಟ್ಟಿತ್ತು. ಹಲಂತ ಚಿಹ್ನೆ ಅಕ್ಷರಕ್ಕೆ ಅಂಟದೆ ಬೇರೆಯೇ ನಿಂತಿತ್ತು. ನಾನು ಹೆಚ್ಚು ಯೋಚಿಸಲಿಲ್ಲ. ‘ಹುಡುಕಿ ಬದಲಿಸು’ ಒತ್ತಿ ‘ಹೆಚ್ಚ್’ಗಳನ್ನೆಲ್ಲ ‘ಹೆಚ್ಚು’ ಮಾಡಿದೆ, ‘ಹುಚ್ಚ್’ಗಳನ್ನು ‘ಹುಚ್ಚು’ ಮಾಡಿದೆ. ಪರದೆ ಚೊಕ್ಕವಾಯಿತು.

ಆಗ ಏನು ನಡೆದಿತ್ತೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಫೆಡೋರಾ ಎಂಬ ಲಿನಕ್ಸ್ ವ್ಯವಸ್ಥೆಯ ಅಭಿವೃದ್ಧಿ ಶಾಖೆಗೆ ‘ರಾಹೈಡ್’ ಎಂದು ಹೆಸರು. ಅಂದರೆ ಹದ ಮಾಡದ ಹಸಿ ತೊಗಲು. ಅಥಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಆ ಊರಲ್ಲಿ ತೊಗಲು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ನೆನೆದು ಹದವಾದ ಮೇಲೆಯೇ ಕಾಲಿಗೆ ಬರಬೇಕು. ತಂತ್ರಾಂಶದಲ್ಲೂ ಅಷ್ಟೇ. ಹೊಸ ಬದಲಾವಣೆ ಮೊದಲು ಹಸಿ ಶಾಖೆಗೆ ಬೀಳುತ್ತದೆ, ಅಲ್ಲಿ ಮುರಿಯಬೇಕಾದದ್ದು ಮುರಿದು, ರಿಪೇರಿಯಾಗಿ, ಸ್ಥಿರ ಆವೃತ್ತಿಗೆ ಹೋಗುತ್ತದೆ.

2012ರಲ್ಲಿ ಆ ಹಸಿ ತೊಗಲಿಗೆ ಬಿದ್ದದ್ದು ದೊಡ್ಡ ಬದಲಾವಣೆ. ಅಲ್ಲಿಯ ತನಕ ಲಿನಕ್ಸಿನಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರ ಕೂಡಿಸುವ ಕೆಲಸವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಮಾಡುತ್ತಿದ್ದರು. ಗ್ನೋಮ್‌ನ ಪ್ಯಾಂಗೊಗೆ ತನ್ನದೇ ಕ್ರಮ, ಕ್ಯೂಟಿಗೆ ತನ್ನದು, ಓಪನ್‌ಆಫೀಸ್‌ಗೆ ಐಸಿಯು. ಒಂದೇ ಯಂತ್ರದಲ್ಲಿ ಒಂದೇ ಪದ ಮೂರು ಕಡೆ ಮೂರು ರೂಪ ತಾಳಬಹುದಿತ್ತು. ಇದನ್ನೆಲ್ಲ ಒಂದು ಮಾಡಲು ಬಂದದ್ದು ಬೆಹ್ದಾದ್ ಎಸ್ಫಹ್‌ಬೋದ್ ಅವರ ಹಾರ್ಫ್‌ಬಜ್. ಪರ್ಷಿಯನ್ ಭಾಷೆಯಲ್ಲಿ ಆ ಹೆಸರಿಗೆ ‘ತೆರೆದ ಅಕ್ಷರ’ ಎಂದರ್ಥ. 2012ರಲ್ಲಿ ಪ್ಯಾಂಗೊ ತನ್ನ ಹಳೆಯ ಕ್ರಮ ಬಿಟ್ಟು ಹಾರ್ಫ್‌ಬಜ್ ಹಿಡಿಯಿತು. 2013ರ ಜನವರಿ 15ರಂದು ಬಂದ ಫೆಡೋರಾ 18 ಅದನ್ನು ಜನರ ಕೈಗಿತ್ತಿತು. ಅದೇ ಮೇ ತಿಂಗಳಲ್ಲಿ ಬಂದ ಡೆಬಿಯನ್ ‘ವೀಜಿ’ ಹಳೆಯ ಪ್ಯಾಂಗೊವನ್ನೇ ಉಳಿಸಿಕೊಂಡಿತು. ಒಬ್ಬರಿಗೆ ಹೊಸತನ ಮುಖ್ಯ, ಇನ್ನೊಬ್ಬರಿಗೆ ಸ್ಥಿರತೆ.

ಇಲ್ಲಿ ಒಂದು ಹಳೆಯ ತೊಡಕಿತ್ತು. ಕನ್ನಡ ಫಾಂಟುಗಳಲ್ಲಿ ಎರಡು ಪೀಳಿಗೆ ಇದ್ದವು. ಒಂದು ‘ಕೆಎನ್‌ಡಿಎ’ ಎಂಬ ಹಳೆಯ ಗುರುತಿನದು, ಇನ್ನೊಂದು ವಿಂಡೋಸ್ ವಿಸ್ತಾದ ಕಾಲಕ್ಕೆ ಬಂದ ‘ಕೆಎನ್‌ಡಿ2’. ಯುನಿಕೋಡಿನಲ್ಲಿ ‘ಚ್ಚ’ ಎಂದರೆ ಚ, ಹಲಂತ, ಚ. ಹೊಸ ಫಾಂಟುಗಳಲ್ಲಿ ಒತ್ತು ಹುಟ್ಟುವುದು ಹಲಂತ ಮತ್ತು ಅದರ ಮುಂದಿನ ವ್ಯಂಜನ ಸೇರಿ. ಹಳೆಯ ಫಾಂಟುಗಳಲ್ಲಿ ಉಲ್ಟಾ, ವ್ಯಂಜನ ಮೊದಲು, ಹಲಂತ ಆಮೇಲೆ. ಆದ್ದರಿಂದ ಹಳೆಯ ಫಾಂಟು ಸಿಕ್ಕಾಗ ಹಾರ್ಫ್‌ಬಜ್ ನಡುವಿನ ಹಲಂತವನ್ನು ಎತ್ತಿ ಕೊನೆಯ ವ್ಯಂಜನದ ಮುಂದೆ ಇಡುತ್ತಿತ್ತು. ‘ಹೆಚ್ಚು’ ಪದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ‘ಹೆಚ್ಚ್’? ಅಲ್ಲಿ ಕೊನೆಯಲ್ಲಿ ಆಗಲೇ ಒಂದು ಹಲಂತ ಕೂತಿದೆ. ಇನ್ನೊಂದನ್ನೂ ತಂದಿಟ್ಟರೆ ಎರಡು ಹಲಂತ ಒಂದೇ ಕಡೆ, ಮೊದಲ ಚಕಾರ ಬರಿಗೈ.

ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ಇದು ಕಂಡುಬಂದು ದೂರು ದಾಖಲಾಯಿತು. ಪರಿಹಾರವನ್ನು ಹಾರ್ಫ್‌ಬಜ್‌ನ ಮೂಲ ಸಂಕೇತದಲ್ಲಿ ಯಾರು ಬೇಕಾದರೂ ಓದಬಹುದು. ಕೊನೆಯಲ್ಲಿ ಹಲಂತ ಇದ್ದರೆ ಕನ್ನಡದಲ್ಲಿ ಸರಿಸಬೇಡ, ದೇವನಾಗರಿ, ಬಂಗಾಳಿ, ಮಲಯಾಳಂಗಳಲ್ಲಿ ಸರಿಸು ಎಂಬುದು ಅದರ ತಾತ್ಪರ್ಯ. ಪರೀಕ್ಷೆಗೆಂದು ಅಲ್ಲಿ ಕೊಟ್ಟ ಉದಾಹರಣೆ ನಾಲ್ಕೇ ಸಂಕೇತ: ಚ, ಹಲಂತ, ಚ, ಹಲಂತ. ಓದಿದರೆ ‘ಚ್ಚ್’. ನಿಪ್ಪಾಣಿ, ಕಾಗವಾಡದ ಅಂಗಡಿ ಬೋರ್ಡುಗಳಲ್ಲಿ ಕನ್ನಡವೂ ಮರಾಠಿಯೂ ಅಕ್ಕಪಕ್ಕ ಇರುವುದನ್ನು ನೋಡುತ್ತ ಬೆಳೆದ ನನಗೆ, ಒಂದೇ ತಂತ್ರಾಂಶದೊಳಗೆ ಈ ಎರಡು ಲಿಪಿಗಳಿಗೆ ಎರಡು ನ್ಯಾಯ ಕಂಡು ನಗು ಬಂತು.

ಆಮೇಲೆ ನಗು ನಿಂತಿತು. ಪುಸ್ತಕದ ಕನ್ನಡದಲ್ಲಿ ‘ಚ್ಚ್’ ಎಷ್ಟು ಸಲ ಬರುತ್ತದೆ? ಅಲ್ಲಿ ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಆಡುಮಾತನ್ನು ಇದ್ದಂತೆ ಬರೆಯಹೊರಟರೆ ಮಾತ್ರ ಸಾಲುಸಾಲಿಗೂ ಇಂಥವು: ಹೆಚ್ಚ್, ಬಿಟ್ಟ್, ಹೊತ್ತ್, ಇಟ್ಟ್. ಶಿಷ್ಟ ಕನ್ನಡ ಬರೆಯುವವರ ಕಣ್ಣಿಗೆ ಈ ದೋಷ ಬೀಳುವುದೇ ಕಷ್ಟ. ಅದು ಕಾಣಬೇಕಾದದ್ದು ನಮ್ಮ ಕಡೆಯವರಿಗೆ. ನನಗೆ ಕಂಡಿತ್ತು ಕೂಡ. ದೂರು ಬರೆಯುವ ಬದಲು ನಾನು ಆಯಿಯನ್ನು ತಿದ್ದಿದೆ.

ಅಭಿವೃದ್ಧಿ ಶಾಖೆ ಇರುವುದೇ ಮುರಿದದ್ದನ್ನು ಹೇಳುವವರಿಗಾಗಿ. ಹೇಳದೆ ಹೊಂದಿಕೊಂಡವನಿಂದ ಅದಕ್ಕೆ ಉಪಕಾರವಿಲ್ಲ. ಬೇರೆ ಯಾರೋ ಹೇಳಿದರು. ಈಗ ಹಾರ್ಫ್‌ಬಜ್ ಆಂಡ್ರಾಯ್ಡ್ ಫೋನುಗಳಲ್ಲಿದೆ, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿದೆ. ಕನ್ನಡಕ್ಕೆಂದು ಬರೆದ ಆ ವಿನಾಯಿತಿಯೂ ಅದರ ಜೊತೆಗೇ ಊರೂರು ತಿರುಗುತ್ತಿದೆ.

ಆಯಿ ಹೋಗಿ ಆರು ವರ್ಷವಾಯಿತು. ಮೊನ್ನೆ ಆ ಕಡತ ತೆಗೆದು, ಬದಲಿಸಿದ್ದನ್ನು ಹಿಂದಕ್ಕೆ ತರಲು ಕೂತೆ. ಆಗಲಿಲ್ಲ. ಪರಊರಿನವರ ಮುಂದೆ ಮಾತಾಡುವಾಗ ಅವಳೂ ಒಮ್ಮೊಮ್ಮೆ ಎಚ್ಚರದಿಂದ ‘ಹೆಚ್ಚು’ ಅನ್ನುತ್ತಿದ್ದಳು. ಕಡತದಲ್ಲಿ ಈಗ ಎಲ್ಲವೂ ‘ಹೆಚ್ಚು’. ಯಾವುದು ಅವಳದು, ಯಾವುದು ನನ್ನದು ಎಂದು ಹೇಳಲು ಯಾರೂ ಇಲ್ಲ.