ಮೂಡಿಗೆರೆ ಸೀಮೆ ಮತ್ತು ಸಿನಿಮಾದ ಮೊದಲ ದೃಶ್ಯ

ಮೂಡಿಗೆರೆಯ ಕಾಫಿ ಸೀಮೆಯಲ್ಲಿ ಹುಟ್ಟಿದ ಕಥೆಗಳು ಕನ್ನಡ ಸಿನಿಮಾಕ್ಕೆ ಬರತೊಡಗಿದ್ದು 1973ರಲ್ಲಿ, ‘ಅಬಚೂರಿನ ಪೋಸ್ಟಾಫೀಸು’ ಚಿತ್ರದೊಂದಿಗೆ. ಪೂರ್ಣಚಂದ್ರ ತೇಜಸ್ವಿಯವರ ಅದೇ ಹೆಸರಿನ ಕಥೆಯನ್ನು ತೆರೆಗೆ ತಂದವರು ಎನ್. ಲಕ್ಷ್ಮೀನಾರಾಯಣ್. 1964ರ ‘ನಾಂದಿ’ಯಿಂದಲೇ ಅವರು ಕನ್ನಡದ ಪ್ರಯೋಗಶೀಲ ನಿರ್ದೇಶಕರಲ್ಲಿ ಮುಂಚೂಣಿಯಲ್ಲಿದ್ದರು. ಅಂಚೆ ಕೆಲಸ ಹೊತ್ತ ಬೋಬಣ್ಣ ಊರವರ ಕಾಗದಗಳನ್ನು ಒಡೆದು ಓದುವ ಗೀಳಿಗೆ ಬೀಳುವುದು ಈ ಕಥೆಯ ಎಳೆ. 1986ರಲ್ಲಿ ಗಿರೀಶ್ ಕಾಸರವಳ್ಳಿ ‘ತಬರನ ಕಥೆ’ ಮಾಡಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಪಡುಗೆರೆಯ ತಬರನ ಪಾತ್ರಕ್ಕೆ ಚಾರುಹಾಸನ್ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ (2016), ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಇದೇ ದಾರಿಯಲ್ಲಿ ಬಂದವು.

ಈ ಪರಂಪರೆ ಇಂದಿನ ಚಲನಚಿತ್ರ ವಿದ್ಯಾರ್ಥಿಗೆ ಒಂದು ಆಸ್ತಿ. ಈ ಸೀಮೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಕಿರುಚಿತ್ರ ಮಾಡುವವರು ಮೊದಲು ಯೋಚಿಸುವುದು ಮಂಜು, ಮಳೆ, ಹಸಿರು ಗುಡ್ಡಗಳನ್ನೇ. ಆದರೆ ಆರಂಭದೃಶ್ಯ ಮೂರು ಸಂಗತಿಗಳನ್ನು ನೋಡುಗರಿಗೆ ಮುಟ್ಟಿಸಬೇಕಾಗುತ್ತದೆ: ಇದು ಯಾವ ಕಾಲ, ಇಲ್ಲಿ ಯಾವ ಕೆಲಸ ನಡೆಯುತ್ತಿದೆ, ಇದನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ. ಮೂರಕ್ಕೂ ಉತ್ತರ ಸಿಗುವುದು ಊರಿನ ಇತಿಹಾಸದಲ್ಲಿ.

ಕರ್ನಾಟಕದಲ್ಲಿ ಸಿನಿಮಾ ಕಲಿಕೆಗೆ ಹಳೆಯ ಬೇರುಗಳಿವೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸಲಾಗುತ್ತಿತ್ತು. ‘ಕಾಗಜ್ ಕೆ ಫೂಲ್’ ಚಿತ್ರೀಕರಿಸಿದ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿದವರು. ಮುಂದೆ ಗೋವಿಂದ ನಿಹಲಾನಿಯೂ ಅಲ್ಲೇ ಕಲಿತರು. 1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕಾಸರವಳ್ಳಿ ಅಲ್ಲಿ ಡಿಪ್ಲೊಮಾಗಾಗಿ ಮಾಡಿದ ಚಿತ್ರ ‘ಅವಶೇಷ್’ (1975) ರಾಷ್ಟ್ರಪ್ರಶಸ್ತಿ ಪಡೆಯಿತು. ಎರಡು ವರ್ಷಗಳಲ್ಲಿ ‘ಘಟಶ್ರಾದ್ಧ’ ಬಂತು, ಅದಾಗಿ ಒಂಬತ್ತು ವರ್ಷಕ್ಕೆ ‘ತಬರನ ಕಥೆ’. ವಿದ್ಯಾರ್ಥಿ ಚಿತ್ರದಲ್ಲಿ ರೂಢಿಸಿಕೊಂಡ ಶಿಸ್ತು ದೊಡ್ಡ ಚಿತ್ರದ ಅಡಿಪಾಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆ ಶಿಸ್ತಿಗೆ ಫಿಲ್ಮ್ ರೀಲಿನ ಬೆಲೆಯೂ ಕಾರಣ. ವಿದ್ಯಾರ್ಥಿಗಳಿಗೆ ರೀಲು ಅಳತೆಯ ಲೆಕ್ಕದಲ್ಲಿ ಸಿಗುತ್ತಿತ್ತು. ಕ್ಯಾಮೆರಾ ತಿರುಗುವ ಮುಂಚೆ ಜಾಗ ನೋಡಿ ಬರುವುದು, ಚಿತ್ರಕಥೆಯನ್ನು ಶಾಟ್‌ಗಳಾಗಿ ಒಡೆಯುವುದು, ಪ್ರತಿ ಶಾಟನ್ನು ಕಾಗದದ ಮೇಲೆ ಬರೆದು ಸ್ಟೋರಿಬೋರ್ಡ್ ಮಾಡುವುದು ಅನಿವಾರ್ಯವಾಗಿತ್ತು. ಡಿಜಿಟಲ್ ಕ್ಯಾಮೆರಾ ಬಂದಮೇಲೆ ಆ ಬಿಗಿ ಸಡಿಲವಾಯಿತು. ಆದರೂ ಹದಿನೈದು ಇಪ್ಪತ್ತು ನಿಮಿಷದ ಚಿತ್ರದಲ್ಲಿ ಮೊದಲ ಎರಡು ನಿಮಿಷ ಹೊರುವ ಭಾರ ಇಳಿದಿಲ್ಲ.

ಮೊದಲು ನಿಗದಿಯಾಗಬೇಕಾದದ್ದು ಇಸವಿ. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ 17ನೇ ಶತಮಾನದ್ದು. ಅಲ್ಲಿಂದ ಬಹುಕಾಲ ಕಾಫಿ ಹಿತ್ತಿಲ ಬೆಳೆಯಾಗಿತ್ತು; ಕಣಿವೆಗಳಲ್ಲಿ ಭತ್ತ, ಕಾಡಿನಲ್ಲಿ ಏಲಕ್ಕಿ ಮುಖ್ಯವಾಗಿದ್ದವು. 1830ರ ಆಸುಪಾಸಿನಲ್ಲಿ ಕ್ಯಾನನ್ ಎಂಬ ಆಂಗ್ಲ ಪ್ಲಾಂಟರ್ ಗಿರಿಯ ದಕ್ಷಿಣಕ್ಕೆ ತೋಟ ಹಾಕಿದ. 1843ರ ವೇಳೆಗೆ ಪಕ್ಕದ ಮಂಜರಾಬಾದಿಗೂ ಎಸ್ಟೇಟುಗಳು ಬಂದವು. 1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ‘ಚಿಕ್’ ಎಂಬ ಹಳೆಯ ತಳಿಯ ತೋಟಗಳನ್ನು ಹಾಳುಗೆಡವಿತು. ಆ ಜಾಗಕ್ಕೆ ‘ಕೂರ್ಗ್’ ತಳಿ ಬಂತು. ನೆರಳಿನ ಮರಗಳಿಲ್ಲದೆ ಕಾಫಿ ಉಳಿಯದೆಂಬುದನ್ನು ಪ್ಲಾಂಟರುಗಳು ಕಷ್ಟಪಟ್ಟು ಕಲಿತದ್ದು ಆ ಕಾಲದಲ್ಲೇ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ರೂಪುಗೊಂಡ ಎಸ್. 795 ಅರೇಬಿಕಾ ತಳಿ 1940ರ ದಶಕದಿಂದ ತೋಟಗಳಿಗೆ ಹರಡಿತು.

ಇಸವಿ ನಿಂತಮೇಲೆ ಚೌಕಟ್ಟಿನೊಳಗಿನ ಪ್ರತಿ ವಸ್ತುವೂ ಅದಕ್ಕೆ ಒಪ್ಪಬೇಕು. 1947ಕ್ಕೆ ಮುಂಚಿನ ಕಥೆಯಾದರೆ ಕಚೇರಿಯ ಫಲಕದಲ್ಲಿ ಇರಬೇಕಾದದ್ದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಆಮೇಲಿನದು. 1957ರ ಏಪ್ರಿಲ್‌ವರೆಗೆ ಅಂಗಡಿಯ ಲೆಕ್ಕ ಆಣೆ, ಪೈಗಳಲ್ಲಿ ನಡೆಯುತ್ತಿತ್ತು. 1973ರ ನವೆಂಬರ್ 1ರವರೆಗೆ ಸರ್ಕಾರಿ ಕಾಗದದ ಮೇಲೆ ಮೈಸೂರು ರಾಜ್ಯವೆಂದೇ ಇರುತ್ತದೆ. ಅಂಚೆ ಕಚೇರಿಯಿಂದ ಶುರುವಾಗುವ ಚಿತ್ರಕ್ಕೆ ಇನ್ನಷ್ಟು ಎಚ್ಚರ ಬೇಕು: ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ವಿಲೀನವಾಯಿತು, ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಬೋಬಣ್ಣನ ಕಾಲದ ಲಕೋಟೆಯ ಮೇಲೆ ಆರು ಅಂಕಿಗಳು ಕಂಡರೆ ಇಡೀ ದೃಶ್ಯದ ನಂಬಿಕೆ ಕುಸಿಯುತ್ತದೆ. ಬಸ್ಸಿಗೂ ಇದೇ ಮಾತು. ಮಲೆನಾಡಿನ ರಸ್ತೆಗಳಲ್ಲಿ ದಶಕಗಳ ಕಾಲ ಖಾಸಗಿ ಬಸ್ಸುಗಳೇ ಓಡಾಡಿದವು; ಕೊಪ್ಪದ ಕಾರ್ಮಿಕರು ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 1991ರಿಂದ ಈಚಿನವು.

ಇಸವಿಯ ನಂತರ ತಿಂಗಳು. ಕಾಫಿ ತೋಟ ವರ್ಷವಿಡೀ ಹಸಿರಾಗಿರುವುದರಿಂದ ಹೊರಗಿನವರಿಗೆ ಎಲ್ಲ ತಿಂಗಳೂ ಒಂದೇ ಎನಿಸುತ್ತದೆ. ತೋಟದವರಿಗೆ ಹಾಗಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳು ಬೆಳ್ಳಗೆ ಹೂ ಬಿಡುತ್ತವೆ. ಎರಡು ಮೂರು ದಿನಗಳಲ್ಲಿ ಅದು ಮುಗಿಯುತ್ತದೆ. ಜೂನ್‌ನಿಂದ ಜಡಿಮಳೆ. ಹಿಂದೆ ಆ ಮಳೆಯಲ್ಲಿ ಆಳುಗಳು ಕಂಬಳಿ ಕೊಪ್ಪೆ ಹೊದ್ದು ಕೆಲಸ ಮಾಡುತ್ತಿದ್ದರು. ಪ್ಲಾಸ್ಟಿಕ್ ಬಂದದ್ದು ಈಚೆಗೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೆ ರೊಬಸ್ಟಾ. ಆಗ ಪಲ್ಪರ್ ಓಡುತ್ತದೆ, ಕಣದಲ್ಲಿ ಕಾಫಿ ಹರಡುತ್ತದೆ, ಒಣಗುತ್ತಿರುವ ಬೆಳೆಗೆ ಮೋಡ ಕವಿದರೆ ಮನೆಮಂದಿಗೆಲ್ಲ ಆತಂಕ. ಮಳೆ ನಾಯಕನಿಗೆ ಸಂತೋಷ ತರಬೇಕೋ ಭಯ ತರಬೇಕೋ ಎಂಬುದನ್ನು ತಿಂಗಳೇ ತೀರ್ಮಾನಿಸುತ್ತದೆ.

ಮೂರನೆಯದು ನೋಟ. ಒಂದೇ ತೋಟ ಸಾಹುಕಾರರ ಬಂಗಲೆಯ ಜಗಲಿಯಿಂದ ಒಂದು ಬಗೆ, ಲೈನ್ ಮನೆಯ ಬಾಗಿಲಿನಿಂದ ಇನ್ನೊಂದು ಬಗೆ. ಎಸ್ಟೇಟಿನ ದಿನ ರೈಟರ್‌ನ ಹಾಜರಿ ಪುಸ್ತಕದಿಂದ ಶುರುವಾಗುತ್ತದೆ; ಮೇಸ್ತ್ರಿ ಆಳುಗಳನ್ನು ಕೆಲಸಕ್ಕೆ ಹಂಚುತ್ತಾನೆ. ಆಳುಗಳಲ್ಲಿ ಊರಿನ ದಲಿತ ಕುಟುಂಬಗಳಿವೆ, ಘಟ್ಟದ ಕೆಳಗಿನಿಂದ ಬಂದ ತುಳುವರಿದ್ದಾರೆ, ತಮಿಳರಿದ್ದಾರೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಬರುತ್ತಿದ್ದಾರೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ದೊಡ್ಡ ಎಸ್ಟೇಟುಗಳ ಮೇಲೆ ವಸತಿ, ವೈದ್ಯಕೀಯ ಸೌಲಭ್ಯ, ಶಿಶುವಿಹಾರಗಳ ಹೊಣೆ ಹೊರಿಸಿತು. ಲೈನ್ ಮನೆಯನ್ನು ತೋರಿಸುವವರು ಆ ಕಾಯ್ದೆಗೆ ಮುಂಚಿನ ಮನೆಯನ್ನು ತೋರಿಸುತ್ತಿದ್ದಾರೋ ನಂತರದ್ದನ್ನೋ ಎಂದು ತಿಳಿದಿರಬೇಕು.

ತೋಟದ ಯಜಮಾನನ ಬದುಕಿಗೂ ಕಾಲಘಟ್ಟಗಳಿವೆ. 1942ರ ಕಾನೂನಿನಡಿ ಕಾಫಿ ಬೋರ್ಡ್ ಬೆಳೆಯನ್ನೆಲ್ಲ ಪೂಲಿಗೆ ಪಡೆದು ಮಾರುತ್ತಿತ್ತು. ಬೆಳೆಗಾರನಿಗೆ ಹಣ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಕೊನೆಗೊಂಡು ಮಾರುಕಟ್ಟೆ ಮುಕ್ತವಾಯಿತು. ಬೋರ್ಡಿನ ಕಂತಿನ ಕಾಗದಕ್ಕಾಗಿ ಕಾಯುವ ಮನುಷ್ಯನೂ ಆಯಾ ದಿನದ ಧಾರಣೆ ಕೇಳಿ ಮಾರುವ ಮನುಷ್ಯನೂ ಒಂದೇ ಜಗಲಿಯಲ್ಲಿ ಕೂತಿದ್ದರೂ ಬೇರೆ ಬೇರೆ ಕಥೆಗಳ ಪಾತ್ರಗಳು.

ಈ ವಿವರಗಳಿಗೆ ಆಧಾರಗಳು ಕೈಗೆಟಕುವಂತಿವೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ 19ನೇ ಶತಮಾನದ ಕಡೂರು ಜಿಲ್ಲೆಯ ಬೆಳೆ, ರಸ್ತೆ, ಜನಜೀವನವನ್ನು ತಿಳಿಸುತ್ತದೆ. ಪ್ಲಾಂಟರ್ ರಾಬರ್ಟ್ ಎಲಿಯಟ್ 1871 ಮತ್ತು 1894ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಎಸ್ಟೇಟಿನ ದಿನಚರಿಯೂ ಬೇಟೆಯೂ ಇವೆ. ಅವು ಯಜಮಾನನ ಕಣ್ಣಿನ ಬರಹಗಳು ಎಂಬುದು ಓದುವಾಗ ನೆನಪಿರಬೇಕು. ಆಳುಗಳ ಕಡೆಯ ಇತಿಹಾಸ ಬರಹಕ್ಕಿಂತ ಹೆಚ್ಚಾಗಿ ಹಿರಿಯರ ಬಾಯಲ್ಲಿದೆ. ಅದನ್ನು ಕೂತು ಕೇಳಿ ಬರೆದುಕೊಳ್ಳುವುದು ಸ್ಥಳವೀಕ್ಷಣೆಯಷ್ಟೇ ಮುಖ್ಯ. ಚಿತ್ರಕೂಟದಲ್ಲೂ ಆಮೇಲೆ ನಿರುತ್ತರದಲ್ಲೂ ತೋಟ ಮಾಡಿಕೊಂಡು 2007ರವರೆಗೆ ಈ ಸೀಮೆಯಲ್ಲಿ ಬದುಕಿದ ತೇಜಸ್ವಿ ಸ್ವತಃ ಛಾಯಾಗ್ರಾಹಕರೂ ಆಗಿದ್ದರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ.

ಶಬ್ದಕ್ಕೂ ಇಷ್ಟೇ ತಯಾರಿ ಬೇಕು. ಮೂಡಿಗೆರೆಯ ಸಂತೆಯಲ್ಲಿ ಕನ್ನಡದ ಜೊತೆಗೆ ತುಳು, ಬ್ಯಾರಿ, ಕೊಂಕಣಿ, ತಮಿಳು ಕೇಳಿಸುತ್ತವೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಬೇರೆ, ತಗಡಿನ ಮೇಲೆ ಬೀಳುವುದು ಬೇರೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಸೇರಿಸಿದ ಯಾವುದೋ ಕಾಡಿನ ಹಕ್ಕಿಯ ಕೂಗನ್ನು ಈ ಸೀಮೆಯವರು ತಕ್ಷಣ ಗುರುತು ಹಿಡಿಯುತ್ತಾರೆ.

ಕಥೆ ಇಂದಿನದಾದರೂ ಇತಿಹಾಸದ ಲೆಕ್ಕ ತಪ್ಪದು. ಮೂಡಿಗೆರೆ ತಾಲ್ಲೂಕಿನ ಭಾಗವಾಗಿದ್ದ ಕಳಸ ಈಗ ಪ್ರತ್ಯೇಕ ತಾಲ್ಲೂಕು. ಕುದುರೆಮುಖದ ಅದಿರು ಗಣಿ 2005ರ ಕೊನೆಗೆ ನಿಂತುಹೋಗಿದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತ್ತು. ತೋಟದ ನಡುವೆ ಹೋಂಸ್ಟೇಗಳು ಎದ್ದಿವೆ. ಹೀಗೆ ಇಸವಿ, ತಿಂಗಳು, ನೋಡುವ ಕಣ್ಣು ಮೂರನ್ನೂ ನಿಶ್ಚಯಿಸಿ, ಅವಕ್ಕೆ ಒಪ್ಪುವ ವಸ್ತು, ಕೆಲಸ, ಶಬ್ದಗಳನ್ನು ಪಟ್ಟಿ ಮಾಡಿ, ಆಮೇಲೆ ಶಾಟ್‌ಗಳನ್ನು ಬರೆದರೆ ಆರಂಭದೃಶ್ಯದ ಯೋಜನೆ ಪೂರ್ಣವಾಗುತ್ತದೆ. ಕ್ಯಾಮೆರಾ ಎಲ್ಲಿಡಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ.