'ಅಕ್ಕ' ಅನ್ನೋ ಎರಡಕ್ಷರ ಕಂಪ್ಯೂಟರಿಗೆ ಬಂದ ಕಥೆ

ಈಗ ಮೊಬೈಲ್ ಬಾಯಿ ಹತ್ರ ಹಿಡ್ಕೊಂಡು "ಅಕ್ಕ, ಹುಣಸೆಹಣ್ಣು ಕುಟ್ಟಿದ್ಯ?" ಅಂದ್ರೆ ಸಾಕು, ಅಷ್ಟೂ ಕನ್ನಡದಾಗೆ ಮೂಡ್ತೈತೆ. ಗೂಗಲ್‌ನೋರು ಕನ್ನಡಕ್ಕೆ ಈ ಮಾತಿನ ಟೈಪಿಂಗ್ ಕೊಟ್ಟಿದ್ದು 2017ರಲ್ಲಿ. ಈಗಿನ ಹುಡುಗ್ರು ಕನ್ನಡ ಮೊದಲಿಂದ್ಲೂ ಹಿಂಗೇ ಬರ್ತಿತ್ತು ಅನ್ಕೊಂಡಾರೆ. ಇಲ್ರವ್ವ. 'ಅಕ್ಕ' ಅನ್ನೋ ಎರಡಕ್ಷರ ಕಂಪ್ಯೂಟರಿನಾಗೆ ನೆಟ್ಟಗೆ ನಿಲ್ಲೋಕೇ ಎಷ್ಟೋ ಜನ ವರ್ಷಗಟ್ಟಲೆ ಹೆಣಗ್ಯಾರೆ.

ಕಂಪ್ಯೂಟರ್ ಹುಟ್ಟಿದ್ದು ಇಂಗ್ಲಿಷಿನೋರ ಮನ್ಯಾಗೆ. ಅವರಿಗೆ ಇಪ್ಪತ್ತಾರು ಅಕ್ಷರ, ಒತ್ತಿಲ್ಲ, ದೀರ್ಘ ಇಲ್ಲ. ನಮಗೆ ಕಾಗುಣಿತ ಐತೆ, ಒತ್ತಕ್ಷರ ಐತೆ, ಅರ್ಕಾವತ್ತು ಐತೆ. ಇದನ್ನೆಲ್ಲ ಅವರ ಕೀಲಿಮಣೆಗೆ ಹೊಂದಿಸಿದೋರಲ್ಲಿ ಮೊದಲು ನೆನೆಯಬೇಕಾದವರು ಕೆ. ಪಿ. ರಾವ್. ಮಂಗಳೂರು ಹತ್ರದ ಕಿನ್ನಿಕಂಬಳದವರು. ಬರೆಯೋ ಅಕ್ಷರದ ಆಕಾರ ಬಿಟ್ಟು, ಕಿವಿಗೆ ಕೇಳೋ ಶಬ್ದ ಹಿಡಿದು ಕೀಲಿಮಣೆ ಮಾಡಿದ್ರು. ಅ, ಕ, ಒತ್ತು ಸೇರಿಸೋಕೆ ಎಫ್ ಕೀಲಿ, ಮತ್ತೆ ಕ. ನಾಕು ಕೀಲಿ ಒತ್ತಿದ್ರೆ 'ಅಕ್ಕ'. ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸರು ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಅದನ್ನ ದುಡ್ಡಿಗೆ ಮಾರದೆ ಜನಕ್ಕೆ ಹಂಗೇ ಕೊಟ್ರು ಅನ್ನೋದು ನಂಗೆ ದೊಡ್ಡದಾಗಿ ಕಾಣ್ತೈತೆ. ಇವತ್ತಿಗೂ ತಾಲ್ಲೂಕು ಆಫೀಸಿನಾಗೆ ಹುಡುಗ್ರು ಟಕಟಕ ಅಂತ ಕುಟ್ಟೋ 'ನುಡಿ' ಕೀಲಿಮಣೆ ಐತಲ್ಲ, ಅದು ಇವರ ಜೋಡಣೆಯಿಂದಲೇ ಬಂದದ್ದು. ನುಡಿಯನ್ನ ಮಾಡಿದ್ದು ಬೆಂಗಳೂರಿನ ಕನ್ನಡ ಗಣಕ ಪರಿಷತ್ತು, ಸರ್ಕಾರಕ್ಕೋಸ್ಕರ.

ಅದೇ ಹೊತ್ತಿನಾಗೆ, 1998ರಲ್ಲಿ, ಅಮೆರಿಕದಾಗಿದ್ದ ಶೇಷಾದ್ರಿವಾಸು ಅನ್ನೋರು 'ಬರಹ' ತಂದ್ರು. ಇದರಾಗೆ ಇಂಗ್ಲಿಷ್ ಅಕ್ಷರದಾಗೆ ಎ, ಕೆ, ಕೆ, ಎ ಅಂತ ಒತ್ತಿದ್ರೆ 'ಅಕ್ಕ' ಬರೋದು. ಪರದೇಶದಾಗಿದ್ದ ನಮ್ಮ ಮಕ್ಕಳು ಊರಿಗೆ ಕನ್ನಡದಾಗೆ ಓಲೆ ಬರೆಯೋಕೆ ಶುರು ಮಾಡಿದ್ದು ಇದರಿಂದ. ಇತ್ತ ಮೂಡಿಗೆರೆ ಕಡೆ ಪೂರ್ಣಚಂದ್ರ ತೇಜಸ್ವಿಯವರು, ಮೀನು ಹಿಡಿಯೋದರ ಜೊತೆಗೆ, ಕನ್ನಡಕ್ಕೊಂದು ಒಳ್ಳೆ ತಂತ್ರಾಂಶ ಬೇಕು ಅಂತ ಕೊನೆವರೆಗೂ ಹೇಳ್ತಾನೇ ಇದ್ರು.

ಇಷ್ಟಾದ್ರೂ ಒಂದು ತೊಡಕು ಉಳಿದಿತ್ತು ನೋಡ್ರಿ. ಈ ಕಥೆ ಬರೆಯೋಕೆ ಕುಂತಿದ್ದೇ ಅದಕ್ಕೆ.

ಆಗಿನ ಫಾಂಟುಗಳು ಮಾಡ್ತಿದ್ದದ್ದು ವೇಷ ಹಾಕೋ ಕೆಲಸ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಸೀರೆ. ಆ ಫಾಂಟ್ ಇರೋ ಕಂಪ್ಯೂಟರಿನಾಗೆ ಕನ್ನಡ ಕಾಣ್ತೈತೆ, ಇಲ್ಲದ ಕಡೆ ಸೀರೆ ಕಳಚಿ ಒಳಗಿನ ವೇಷ ಹೊರಗೆ ಬೀಳ್ತೈತೆ. ನುಡಿಯ ಹಳೇ ಫಾಂಟಿನಾಗೆ 'ಕನ್ನಡ' ಅಂತ ಬರೆದು ಬೇರೆ ಕಡೆ ತೆರೆದ್ರೆ ನಟ್ಟ ನಡುವೆ ಇಂಗ್ಲೆಂಡಿನ ಪೌಂಡ್ ಗುರುತು ಬರ್ತಿತ್ತು! ಯಾಕಂದ್ರೆ 'ನ'ಕಾರಕ್ಕೆ ಕೊಟ್ಟ ಜಾಗ ಅದು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಅಂತ ಬೇರೆ ಬೇರೆ ಇದ್ವು, ಒಬ್ಬರ ಲೆಕ್ಕ ಒಬ್ಬರಿಗೆ ಹೊಂದ್ತಿರಲಿಲ್ಲ.

ನಮ್ಮತ್ತೆಯೋರ ಸೋಬಾನೆ ಪದಗಳಿಗೂ ಹಿಂಗೇ ಆತು. ಅವರು ಮದುವೆ ಮನ್ಯಾಗೆ ಹಾಡ್ತಿದ್ದ ಪದ, ಬೀಸೋ ಪದ ಎಲ್ಲನೂ ಒಂದು ನೋಟ್‌ಬುಕ್ಕಿಗೆ ಬರೆಸಿ, ಪೇಟೆಯ ಡಿ.ಟಿ.ಪಿ. ಅಂಗಡಿಯಾಗೆ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿ ಇಟ್ಟಿದ್ವಿ. ನೋಟ್‌ಬುಕ್ಕು ಗೆದ್ದಲು ತಿಂತು. ಅತ್ತೆಯೋರೂ ಹೋದ್ರು. ಮೊನ್ನೆ ಮೈದುನನ ಮಗಳು ಆ ಸಿ.ಡಿ. ತೆರೆದ್ರೆ ಬರೀ ಗೀಟು, ಚುಕ್ಕೆ, ಪೌಂಡು. ಒಂದು ಪದ ಓದಕ್ಕಾಗಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದಂಗಾತು.

ಈ ತೊಡಕು ಬಿಡಿಸಿದ್ದು ಯೂನಿಕೋಡ್. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಖಾಯಂ ನಂಬರು ಕೊಡೋ ಏರ್ಪಾಡು ಅದು. 1991ರಲ್ಲಿ ಬಂದ ಅದರ ಮೊದಲ ಪಟ್ಟಿಯಾಗೇ ಕನ್ನಡ ಇತ್ತು. 'ಅ' ಅಂದ್ರೆ 3205, 'ಕ' ಅಂದ್ರೆ 3221, ಅರ್ಧಾಕ್ಷರದ ಗುರುತು 3277. ಹಂಗಾಗಿ 'ಅಕ್ಕ' ಅಂದ್ರೆ 3205, 3221, 3277, 3221. ರೇಷನ್ ಕಾರ್ಡಿನ ನಂಬರಿನಂಗೆ, ಫಾಂಟ್ ಯಾವುದೇ ಇರಲಿ, ಫೋನ್ ಯಾವುದೇ ಇರಲಿ, ಅಕ್ಷರದ ಗುರುತು ಅದೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ನಮ್ಮ ಜಗಳೂರು ಸೀಮೆ ಕೆರೆಗಳಿಗೆ ತುಂಗಭದ್ರೆ ನೀರು ಬರೋದಕ್ಕೆ ಎಷ್ಟೋ ವರ್ಷ ಮುಂಚೆನೇ ಕಂಪ್ಯೂಟರಿಗೆ ತುಂಗೆ ಬಂದಿದ್ಲು ಅಂತಾತು.

ಬ್ಲಾಗರ್ ಶುರುವಾಗಿದ್ದು 1999ರಲ್ಲಿ, ಗೂಗಲ್ ಅದನ್ನ ಕೊಂಡಿದ್ದು 2003ರಲ್ಲಿ. ಯೂನಿಕೋಡ್ ಇಲ್ಲದಿದ್ರೆ ನಮ್ಮಂಥ ಮನೆ ಹೆಂಗಸರು ಅದರಾಗೆ ಕನ್ನಡ ಬರೆಯೋ ಮಾತೇ ಇರಲಿಲ್ಲ. ಮೊಬೈಲಿನಾಗಂತೂ ಇನ್ನೂ ತಡ. ಆಂಡ್ರಾಯ್ಡ್ ಫೋನಿಗೆ ಕನ್ನಡ ಅಕ್ಷರ ನೆಟ್ಟಗೆ ಬಂದಿದ್ದು 2012ರ 4.1ನೇ ಆವೃತ್ತಿಯಾಗೆ. ಅದಕ್ಕೂ ಮುಂಚೆ ಎಷ್ಟೋ ಫೋನಿನಾಗೆ ಕನ್ನಡ ಅಂದ್ರೆ ಖಾಲಿ ಚೌಕದ ಸಾಲು, ಥೇಟ್ ಚೌಕಾಬಾರದ ಮನೆ ಇದ್ದಂಗೆ.

ಕೊಡೋ ಕಂಪನಿಗಳು ಕಿತ್ಕೊಳ್ಳೋದೂ ಉಂಟು. ಬ್ಲಾಗುಗಳನ್ನ ಒಂದೇ ಕಡೆ ಓದ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಹೊಸ ಬರಹ ಬಂದಾಗ ಮೇಲ್ ಕಳಿಸ್ತಿದ್ದ ಫೀಡ್‌ಬರ್ನರ್ ಏರ್ಪಾಡು 2021ರಲ್ಲಿ ನಿಂತೋತು. ಅದಕ್ಕೇ ನಾನು ಬರೆದದ್ದರ ಒಂದು ಪ್ರತಿ ಬೇರೆ ಕಡೆ ಇಟ್ಕೊಂತೀನಿ. ಯೂನಿಕೋಡಿನಾಗಿದ್ರೆ ಎಲ್ಲಿಗಾದ್ರೂ ಎತ್ಕೊಂಡು ಹೋಗಬಹುದು.

ಇನ್ನು ಅತ್ತೆಯೋರ ಪದ. ಹಳೇ ಫಾಂಟಿನ ಬರಹವನ್ನ ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳು ಅದಾವೆ. ಅದರಾಗೆ ಒಂದರ ಹೆಸರು 'ಸಂಕ'. ಮಲೆನಾಡು, ಕರಾವಳಿ ಕಡೆ ಹಳ್ಳ ದಾಟೋ ಕಾಲುಸೇತುವೆಗೆ ಹಂಗಂತಾರೆ. ಹುಡುಗಿ ಎಲ್ಲಾ ತುಂಬಿ ಒಂದು ಗುಂಡಿ ಒತ್ತಿದ್ಲು, ಪದಗಳು ಎದ್ದು ಬಂದ್ವು! ನಾನು ಅಲ್ಲೇ ಕುಂತು ಮೂರು ಪದ ಹಾಡೇಬಿಟ್ಟೆ. ಅರ್ಕಾವತ್ತು ಮಾತ್ರ ಅಲ್ಲಲ್ಲಿ ಎಡವಟ್ಟು. ಹಳೇ ಫಾಂಟಿನಾಗೆ ಅದನ್ನ ಅಕ್ಷರದ ಹಿಂದುಗಡೆ ಇಡ್ತಿದ್ರು, ಯೂನಿಕೋಡಿನಾಗೆ ಶಬ್ದದ ಪ್ರಕಾರ ಮುಂಚೆ ಬರಬೇಕು. ಅದನ್ನ ಒಂದೊಂದೇ ಕೈಯಾಗೆ ತಿದ್ದುತಿದ್ದೀವಿ.

ನಿಮ್ಮ ಮನ್ಯಾಗೂ ಟ್ರಂಕಿನ ತಳದಾಗೆ ಇಂಥ ಸಿ.ಡಿ. ಇದ್ರೆ ಕಸಕ್ಕೆ ಹಾಕಬೇಡ್ರಿ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ತೂತೇ ಇರಲ್ಲ, ಹಳೇ ಕಂಪ್ಯೂಟರ್ ಇರೋರ ಹತ್ರ ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬರ್ರಿ, ಹುಡುಗಿ ದೀಪಾವಳಿ ರಜಾ ಮುಗಿಯೋವರೆಗೂ ಇಲ್ಲೇ ಇರ್ತಾಳೆ. ಆಮೇಲೆ, ಆರತಿ ಪದದಾಗೆ ನಡುವೆ ಎರಡು ಸಾಲು ಬಿಟ್ಟೋಗೈತೆ. ಅತ್ತೆಯೋರ ಜೊತೆ ಹಾಡ್ತಿದ್ದೋರು ಯಾರಾದ್ರೂ ಇದ್ರೆ ಫೋನ್ ಮಾಡ್ರವ್ವ.