ಭೀಮನ ಶ್ರುತಿ, ರಾಜಿಯ ತ್ರಿಶೂಲ

2020ರ ಅಕ್ಟೋಬರ್. ಲಾಕ್‌ಡೌನ್ ಸಡಿಲ ಆಗಿದ್ರೂ ಆಫೀಸಿನ ಬಾಗಿಲು ತೆರೆದಿರಲಿಲ್ಲ. ನಾನು ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಕೂತು ಹಗಲು ಕೋಡ್ ಬರೀತಿದ್ದೆ, ರಾತ್ರಿ ಗೇಮ್ ಆಡ್ತಿದ್ದೆ. ಸಿಗ್ನಲ್ ಸಿಗ್ತಿದ್ದದ್ದು ತಾರಸಿ ಮೇಲೆ ಮಾತ್ರ. ಒಂದು ಗೇಮ್ ಡೌನ್‌ಲೋಡ್ ಆಗೋಕೆ ಫೋನನ್ನ ನೀರಿನ ಟ್ಯಾಂಕಿನ ಪಕ್ಕ ಇಟ್ಟು ಎರಡು ರಾತ್ರಿ ಕಾದಿದ್ದೆ. ಆ ಗೇಮಿನ ಹೆಸರು 'ರಾಜಿ: ಆನ್ ಏನ್ಷಿಯಂಟ್ ಎಪಿಕ್'.

ಮಾಡಿದವರು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನೋ ಸಣ್ಣ ತಂಡ. 2017ರ ಕೊನೆಯಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಎತ್ತೋಕೆ ಹೋಗಿ ಗುರಿ ಮುಟ್ಟಲಿಲ್ಲ. ಆದ್ರೂ ಬಿಡಲಿಲ್ಲ. 2020ರ ಆಗಸ್ಟ್ 18ಕ್ಕೆ ನಿಂಟೆಂಡೊ ಸ್ವಿಚ್‌ನಲ್ಲಿ, ಅಕ್ಟೋಬರ್ 15ಕ್ಕೆ ಪಿಸಿ ಮತ್ತು ಬೇರೆ ಕನ್ಸೋಲ್‌ಗಳಲ್ಲಿ ಆಟ ಬಂತು. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡೋ ಭಾರಿ ಬಜೆಟ್ಟಿನ ಆಟ ಅಲ್ಲ, ಒಬ್ಬರೋ ಇಬ್ಬರೋ ರೂಮಲ್ಲಿ ಕೂತು ಮಾಡಿದ್ದೂ ಅಲ್ಲ, ನಡುವಿನದ್ದು. ರಾಜಿ ಅನ್ನೋ ಸರ್ಕಸ್ ಹುಡುಗಿ. ಅವಳ ತಮ್ಮ ಗೋಲುವನ್ನ ಅಸುರರು ಹೊತ್ಕೊಂಡು ಹೋಗ್ತಾರೆ. ದುರ್ಗೆ ಕೊಟ್ಟ ತ್ರಿಶೂಲ ಹಿಡಿದು ಅವಳು ಹುಡುಕ್ಕೊಂಡು ಹೊರಡ್ತಾಳೆ. ಗೋಡೆ ಹತ್ತೋದು, ಹಾರೋದು, ಬಡಿದಾಡೋದು, ಜೊತೆಗೆ ಆಯುಧಕ್ಕೆ ಶಕ್ತಿ ತುಂಬ್ಕೊಳ್ಳೋ ರೋಲ್ ಪ್ಲೇಯಿಂಗ್ ಒಗ್ಗರಣೆ ಸ್ವಲ್ಪ. ದುರ್ಗೆಯೂ ವಿಷ್ಣುವೂ ಮೇಲೆ ಕೂತು ಕಥೆ ಹೇಳ್ತಾರೆ.

ನಡುನಡುವೆ ಕಥೆ ಮುಂದಕ್ಕೆ ಹೋಗೋದು ನೆರಳಿನ ಗೊಂಬೆಗಳ ಮೂಲಕ. ಅದು ಬಂದಾಗ ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಿದ್ದ ಅಜ್ಜಿ ಕತ್ತೆತ್ತಿ ನೋಡಿದ್ಲು.

"ಇದು ತೊಗಲುಗೊಂಬೆ ಕಣ್ಲಾ. ನಾಗಮಂಗ್ಲದ ಕಡೆಯಿಂದ ಬಂದು ಆಡ್ಸೋರು, ಮಳೆ ಬರ್ದೇ ಇದ್ದಾಗ. ನಿನ್ ಕಂಪ್ಯೂಟರ್‌ಗೆ ಹೆಂಗ್ ಬಂತು?"

ಅವತ್ತಿಂದ ನಾಲ್ಕೈದು ರಾತ್ರಿ ಅಜ್ಜಿ ನನ್ನ ಜೊತೆ ಕೂತ್ಲು. ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ, ಕಥೆ ಅರ್ಥ ಆಗ್ತಿತ್ತು. ಕೊನೇ ದಿನ ಆಟ ತಟ್ಟನೆ ಮುಗಿದು ಹೆಸರುಗಳ ಪಟ್ಟಿ ಬಂದಾಗ ಅವಳು ಕೇಳಿದ್ದು ಇಷ್ಟೇ: "ಇದೇನ್ಲಾ, ಮಂಗ್ಳ ಹಾಡ್ದೆ ಎದ್ದೋದ್ರಾ?"

ದೊಡ್ಡ ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದದ್ದೂ ಹೆಚ್ಚುಕಮ್ಮಿ ಇದನ್ನೇ. ಅವರ ಮಾತು ಎರಡು ಭಾಗ ಆಗಿತ್ತು. ಚಿತ್ರ, ಸಂಗೀತ, ಕೋಟೆಗಳ ಕೆತ್ತನೆ, ಪಹಾಡಿ ಶೈಲಿಯ ಬಣ್ಣ, ಹೊರಗಿನವರು ಗೇಮಲ್ಲಿ ಕಂಡೇ ಇರದ ಪುರಾಣ, ಇದಕ್ಕೆಲ್ಲ ಬಾಯ್ತುಂಬ ಹೊಗಳಿಕೆ. ಹೊಡೆದಾಟ ಬಿಗಿ, ತಪ್ಪಿಸಿಕೊಳ್ಳೋಕೆ ಒತ್ತಿದ ಬಟನ್ ಸಮಯಕ್ಕೆ ಕೆಲಸ ಮಾಡಲ್ಲ, ಕ್ಯಾಮೆರಾ ತೀರಾ ದೂರ, ಆಟ ಗಿಡ್ಡ, ಕೊನೆ ಅರ್ಧಂಬರ್ಧ, ಇದು ಇನ್ನೊಂದು ಭಾಗ. ಹಾಗಿದ್ರೂ ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ಪಟ್ಟಿಗೆ ರಾಜಿ ಸೇರಿತು. ಗೆದ್ದದ್ದು 'ಫಾಸ್ಮೋಫೋಬಿಯಾ'.

ನಮ್ಮ ದೇಶದ ಆಟಕ್ಕೆ ಇಂಥ ವಿಮರ್ಶೆ ಸಿಕ್ಕಿದ್ದೇ ಒಂದು ಇತಿಹಾಸ ಅನ್ನೋದಕ್ಕೆ 2009ನ್ನ ನೆನಪಿಸ್ಕೋಬೇಕು. ಆ ವರ್ಷ ಸೋನಿಯ ಪ್ಲೇಸ್ಟೇಷನ್ 2ಕ್ಕೆ 'ಹನುಮಾನ್: ಬಾಯ್ ವಾರಿಯರ್' ಬಂತು. ಮಾಡಿದ್ದು ಹೈದರಾಬಾದಿನ ಅರೋನಾ ಟೆಕ್ನಾಲಜೀಸ್. ಅದರ ಬಗ್ಗೆ ಜಗತ್ತಿಗೆ ತಲುಪಿದ ದೊಡ್ಡ ಸುದ್ದಿ ಆಟ ಹೇಗಿದೆ ಅನ್ನೋದಲ್ಲ. ದೇವರನ್ನ ಬಟನ್ ಒತ್ತಿ ಕುಣಿಸೋದು ಸರಿಯಲ್ಲ, ವಾಪಸ್ ತಗೊಳ್ಳಿ ಅಂತ ಅಮೆರಿಕದಲ್ಲಿದ್ದ ಹಿಂದೂ ಮುಖಂಡ ರಾಜನ್ ಜೆಡ್ ಹೇಳಿದ್ದು. ಆಟವಾಗಿ ನೋಡಿದವರು ಕಟುವಾಗೇ ಬರೆದ್ರು, ಆದ್ರೆ ಗಲಾಟೆಯಲ್ಲಿ ಆ ಮಾತು ಕೇಳಿಸಲಿಲ್ಲ. ಹನ್ನೊಂದು ವರ್ಷದಲ್ಲಿ ನಾವು 'ಇದನ್ನ ಮಾಡಬಹುದಾ?' ಅನ್ನೋ ಪ್ರಶ್ನೆಯಿಂದ 'ಚೆನ್ನಾಗಿ ಮಾಡಿದ್ದಾರಾ?' ಅನ್ನೋ ಪ್ರಶ್ನೆಗೆ ಬಂದಿದ್ವಿ. ಅದು ಸಣ್ಣ ದೂರ ಅಲ್ಲ.

ನಾನು ಮಾತ್ರ ಆ ಎರಡನೇ ಪ್ರಶ್ನೆಯನ್ನ ಕೇಳಲೇ ಇಲ್ಲ. ಅರ್ಧ ಆಟ ಆಡೋ ಹೊತ್ತಿಗೇ ಐದಕ್ಕೆ ಐದು ಸ್ಟಾರ್ ಹಾಕಿದ್ದೆ. ಆಫೀಸಿನ ಗ್ರೂಪಲ್ಲಿ 'ವರ್ಲ್ಡ್ ಕ್ಲಾಸ್, ಎಲ್ರೂ ತಗೊಳ್ಳಿ' ಅಂತ ಹಾಕಿದ್ದೆ. ಬಟನ್ ತಡ ಆಗೋದು ನನ್ನ ಬೆರಳಿಗೆ ಮೊದಲ ರಾತ್ರಿನೇ ಗೊತ್ತಾಗಿತ್ತು. ಫಾರಿನ್ ವಿಮರ್ಶೆ ಓದಿದಾಗ 'ಇವರಿಗೆ ನಮ್ಮ ಪುರಾಣ ಏನು ಗೊತ್ತು' ಅಂತ ಉರ್ಕೊಂಡೆ.

ಒಂದು ವಿಷಯದಲ್ಲಿ ಅವರಿಗೆ ಗೊತ್ತಿರಲಿಲ್ಲ ಅನ್ನೋದು ನಿಜ. ಕ್ಯಾಮೆರಾ ದೂರ ಹೋಗಿ ರಾಜಿ ಇರುವೆ ಥರ, ದೇವರ ವಿಗ್ರಹ ಬೆಟ್ಟದ ಥರ ಕಾಣೋದನ್ನ ಹಲವರು ಬರೀ ಅಂದ ಅಂತ ತಗೊಂಡ್ರು. ನಮ್ಮ ತೊಗಲುಗೊಂಬೆಯಲ್ಲಿ ಗಾತ್ರ ಅಂದ್ರೇನೇ ಅಂತಸ್ತು: ದೇವರು, ರಾಜ ದೊಡ್ಡ ಗೊಂಬೆ, ಸಾಮಾನ್ಯರು ಸಣ್ಣ ಗೊಂಬೆ. ಪರದೆ ಮೇಲೆ ಯಾರ ನೆರಳು ಎಷ್ಟು ದೊಡ್ಡದು ಅಂತ ನೋಡಿದ್ರೆ ಸಾಕು, ಅರ್ಧ ಕಥೆ ತಿಳಿಯುತ್ತೆ. ಹಾಗೇ, ಆಟದಲ್ಲಿ ಗೋಡೆ ಚಿತ್ರಗಳ ಮುಂದೆ ರಾಜಿ ನಡೆದಂತೆ ಕಥೆ ಕೇಳಿಸುತ್ತೆ. ಕೆಲವರಿಗೆ ಅದು ಆಟ ನಿಲ್ಲಿಸೋ ಪಾಠ ಅನ್ನಿಸ್ತು. ನನಗೆ ಅದು ಅಮ್ಮನ ತವರು ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲು. ಹದಿಮೂರನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನ. ಕೆಳಗೆ ಆನೆ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಆಮೇಲೆ ರಾಮಾಯಣ, ಮಹಾಭಾರತ. ಪ್ರದಕ್ಷಿಣೆ ಹಾಕಿದ್ರೆ ಮಾತ್ರ ಕಥೆ ಸರಿಯಾದ ಕ್ರಮದಲ್ಲಿ ಬರುತ್ತೆ. ನಿಂತ್ರೆ ಕಥೆನೂ ನಿಲ್ಲುತ್ತೆ. ಕಾಲಿಗೆ ಕೆಲಸ ಕೊಟ್ಟು ಕಣ್ಣಿಗೆ ಕಥೆ ಹೇಳೋದು ನಮ್ಮಲ್ಲಿ ಎಂಟುನೂರು ವರ್ಷದ ಹಳೇ ವಿದ್ಯೆ.

ಆದ್ರೆ ಇದರಿಂದ ಹೊಡೆದಾಟ ಸರಿ ಹೋಗಲ್ಲ ಅನ್ನೋದನ್ನ ನಾನು ನುಂಗ್ಕೊಂಡಿದ್ದೆ. ಗೋಡೆ ಓದೋಕೆ ಬರದವನಿಗೂ ತ್ರಿಶೂಲ ತಡವಾಗಿ ಬೀಸೋದು ಗೊತ್ತಾಗುತ್ತೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿದ್ರೆ ಪಶ್ಚಿಮದ ಗೋಡೆ ನೋಡಿರ್ತೀರಿ. 1780ರ ಪೊಳ್ಳಿಲೂರು ಯುದ್ಧ, ಹೈದರ್ ಮತ್ತು ಟಿಪ್ಪು ಮುಂದೆ ಬ್ರಿಟಿಷರ ಸೇನೆ ಸೋತು ಸುಣ್ಣ ಆಗಿದ್ದು, ಗೋಡೆ ತುಂಬ. 1799ರಲ್ಲಿ ಊರು ಬ್ರಿಟಿಷರ ಕೈಗೆ ಹೋಯ್ತು. ಆಮೇಲೆ 1850ರ ದಶಕದಲ್ಲಿ, ಹಾಳಾಗಿದ್ದ ಆ ಚಿತ್ರವನ್ನ ಮತ್ತೆ ಬರೆಸಿದ್ದು ಗವರ್ನರ್ ಜನರಲ್ ಡಾಲ್‌ಹೌಸಿ. ತಮ್ಮವರ ಸೋಲಿನ ಚಿತ್ರವನ್ನ ಅವರೇ ಉಳಿಸಿದ್ರು. ಹೊರಗಿನವನು ನೋಡೋ ನೋಟವೆಲ್ಲ ದ್ವೇಷದ್ದೇ ಆಗಿರಬೇಕಿಲ್ಲ ಅಂತ ಆ ಗೋಡೆ ಮುಂದೆ ನಿಂತಾಗ ನನಗೆ ಅನ್ನಿಸ್ತದೆ.

ಅಷ್ಟಕ್ಕೂ ವಿಮರ್ಶೆ ಅನ್ನೋದು ಫಾರಿನ್ ಮಾಲೂ ಅಲ್ಲ. ಮಂಡ್ಯ ಜಿಲ್ಲೆಯವರಿಗೆ ಕುರುಕ್ಷೇತ್ರ ನಾಟಕದ ಬಗ್ಗೆ ಹೇಳಬೇಕಿಲ್ಲ. ಪಾರ್ಟಿಗೆ ಕೈಯಿಂದ ದುಡ್ಡು ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಸೀನು ಕಟ್ಟಿಸಿ, ಬೆಳಗಾಗೋತನಕ ಆಡೋ ನಾಟಕ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಚಿಕ್ಕಪ್ಪ ಭೀಮ ಆಗಿದ್ರು. ರಾತ್ರಿ ಊರವರೇ ಹಾರ ಹಾಕಿ, ಎದೆಗೆ ನೋಟು ಚುಚ್ಚಿದ್ರು. ಬೆಳಿಗ್ಗೆ ಟೀ ಅಂಗಡಿ ಮುಂದೆ ಅದೇ ಜನ: "ಗದೆ ಚೆನ್ನಾಗ್ ಬೀಸ್ದೆ ಕಣಪ್ಪ. ಶ್ರುತಿ ಮಾತ್ರ ಹಾರ್ಮೋನಿಯಂ ಬುಟ್ಟು ಮೈಲಿ ದೂರ ಇತ್ತು." ಚಿಕ್ಕಪ್ಪ ಎರಡು ದಿನ ಟೀ ಅಂಗಡಿ ಕಡೆ ಹೋಗಲಿಲ್ಲ. ಮುಂದಿನ ವರ್ಷ ಎಲ್ಲರಿಗಿಂತ ಎರಡು ತಿಂಗಳು ಮುಂಚೆ ಮೇಷ್ಟ್ರ ಮನೆ ಬಾಗಿಲು ತಟ್ಟಿದ್ರು. ಹಾರವೂ ಪ್ರೀತಿನೇ, ಬೆಳಗಿನ ಮಾತೂ ಪ್ರೀತಿನೇ. ನಾನು ಹಾರ ಹಾಕೋದನ್ನ ಮಾತ್ರ ಕಲ್ತು ಬೆಂಗಳೂರಿಗೆ ಬಂದಿದ್ದೆ.

ಅದರ ಬೆಲೆ ಕಟ್ಟಿದ್ದು ಆ ಚಿಕ್ಕಪ್ಪನ ಮಗ. ಅವನು ಒಂದು ವರ್ಷ ಕೂತು ಪುಟ್ಟ ಗೇಮ್ ಮಾಡಿದ್ದ. ನಮ್ಮ ಕುಂತಿ ಬೆಟ್ಟದಲ್ಲೇ ಭೀಮ ಬಕಾಸುರನ್ನ ಕೊಂದದ್ದು ಅಂತ ನಮ್ಮ ಕಡೆ ನಂಬಿಕೆ, ಅದೇ ಕಥೆ. ಭೀಮ ಗಾಡಿ ತುಂಬ ಅನ್ನ ಹೊಡ್ಕೊಂಡು ಬೆಟ್ಟ ಹತ್ತಬೇಕು, ಅರ್ಧ ತಾನೇ ತಿಂದು ಶಕ್ತಿ ಮಾಡ್ಕೋಬೇಕು, ಆಮೇಲೆ ಯುದ್ಧ. ಐಡಿಯಾ ಎಷ್ಟು ಚೆನ್ನಾಗಿತ್ತು ಅಂದ್ರೆ ನಗು ಬಂತು. ಆದ್ರೆ ಬಟನ್ ಒತ್ತಿದ ಅರ್ಧ ಸೆಕೆಂಡ್ ಆದ್ಮೇಲೆ ಗದೆ ಬೀಳ್ತಿತ್ತು. ಬಕಾಸುರ ಯಾವಾಗ ಹೊಡೀತಾನೆ ಅನ್ನೋ ಸುಳಿವೇ ಇರಲಿಲ್ಲ, ಸುಮ್ನೆ ಸಾಯ್ತಿದ್ವಿ. ಮೊದಲ ನಿಮಿಷಕ್ಕೇ ನನಗೆ ಕಂಡಿತ್ತು. ನಮ್ಮೂರ ಹುಡುಗ, ನಮ್ಮೂರ ಬೆಟ್ಟ. 'ಸೂಪರ್ ಮಗಾ' ಅಂತ ಮೆಸೇಜ್ ಹಾಕಿದೆ. ಆಫೀಸಲ್ಲಿ ಯಾರಾದ್ರೂ ಓದದೇ ಕೋಡ್ ರಿವ್ಯೂ ಪಾಸ್ ಮಾಡಿದ್ರೆ ಜಗಳಕ್ಕೆ ಬೀಳೋ ಮನುಷ್ಯ ನಾನು.

ಅವನು ಅದನ್ನೇ ಹಿಡ್ಕೊಂಡು ಬೆಂಗಳೂರಿನ ಒಂದು ಸ್ಟುಡಿಯೋಗೆ ಇಂಟರ್‌ವ್ಯೂಗೆ ಹೋದ. ಎದುರಿಗಿದ್ದವರು ಎರಡು ನಿಮಿಷ ಆಡಿ, ನಾನು ನುಂಗ್ಕೊಂಡಿದ್ದ ಎರಡೂ ಮಾತು ಹೇಳಿ ಲ್ಯಾಪ್‌ಟಾಪ್ ಮುಚ್ಚಿದ್ರು. ರಾತ್ರಿ ಫೋನ್ ಮಾಡಿದಾಗ ಅವನು ಅಳಲಿಲ್ಲ, ಬೈಯಲಿಲ್ಲ. "ಅಣ್ಣ, ನಿಂಗೆ ಗೊತ್ತಾಗಿತ್ತು ಅಲ್ವಾ?" ಅಂದ, ಅಷ್ಟೇ.

2022ರಲ್ಲಿ ರಾಜಿಯ ಎನ್‌ಹಾನ್ಸ್ಡ್ ಎಡಿಷನ್ ಬಂತು. ಹೊಡೆದಾಟವನ್ನ ತಿದ್ದಿದ್ರು. ಕೈಗೆ ವ್ಯತ್ಯಾಸ ಗೊತ್ತಾಗ್ತಿತ್ತು. ಹೊಡೆದಾಟ ಬಿಗಿ ಅಂತ ಬರೆದವರ ಮಾತಿಗೆ ಅಲ್ಲಿ ಉತ್ತರ ಇತ್ತು. ನನ್ನ ಐದು ಸ್ಟಾರ್‌ನಲ್ಲಿ ತಿದ್ದೋಕೆ ಏನಿತ್ತು? ಆ ವಿಮರ್ಶೆಯನ್ನ ಅಳಿಸಿ ಹೊಸದಾಗಿ ಬರೆದೆ. ಗೋಡೆ ಬಗ್ಗೆ, ಗೊಂಬೆ ಬಗ್ಗೆ, ಹಳೇ ಆವೃತ್ತಿಯ ತಡವಾಗೋ ಬಟನ್ ಬಗ್ಗೆ, ಮಂಗಳ ಹಾಡದೇ ಇದ್ದದ್ದರ ಬಗ್ಗೆ. ಮೂರು ಸ್ಟಾರ್.

ತಮ್ಮ ಈಗಲೂ ಆ ಆಟದ ಮೇಲೆ ಕೆಲಸ ಮಾಡ್ತಾನೆ. ಹೋದ ತಿಂಗಳು ಹೊಸ ಬಿಲ್ಡ್ ಕಳಿಸಿದ್ದ. ಗದೆ ಈಗ ಸಮಯಕ್ಕೆ ಬೀಳುತ್ತೆ. ಬಕಾಸುರ ಕೈ ಎತ್ತೋ ಮೊದಲು ಗುಟುರು ಹಾಕ್ತಾನೆ. ಆದ್ರೆ ಬೆಟ್ಟ ಹತ್ತೋ ದಾರಿ ತೀರಾ ಉದ್ದ, ಬೇಜಾರು ಬರುತ್ತೆ. ಫೋನ್ ತಗೊಂಡು 'ಸೂ' ಅಂತ ಟೈಪ್ ಮಾಡಿ ಅಳಿಸಿದೆ. ಆಮೇಲೆ ಬರೆದೆ: "ಗದೆ ಚೆನ್ನಾಗ್ ಬೀಸ್ದೆ ಕಣಪ್ಪ. ಶ್ರುತಿ ಇನ್ನೂ ಕೂತಿಲ್ಲ. ಭಾನುವಾರ ಊರಿಗೆ ಬರ್ತೀನಿ, ಕೂತು ಆಡೋಣ."

ತಕ್ಷಣ ಉತ್ತರ ಬಂತು: "ಅಪ್ಪಂಗೆ ತೋರಿಸ್ದೆ. ನಗ್ತಾವ್ರೆ."